ಪ್ರೇಮಕಥೆಗೆ ಪಾಲಕರ ಸಹಿ

ಪ್ರೀತಿ ಮಾಡುವವರನ್ನು ನಾನು ಹೇಗೋ ಸಹಿಸಿಕೊಳ್ಳಬಲ್ಲೆ. ಪ್ರೀತಿಯ ಬಗ್ಗೆ ಬರೆಯುವವರನ್ನು ಸಹಿಸುವುದು ಮಾತ್ರ ನನ್ನಿಂದಾಗದು. ಮೊದಲನೆಯವರ ಕಾಟ ಅವರವರ ಮನೆಗಷ್ಟೇ ಸೀಮಿತ. ಎರಡನೆಯವರು ಅದನ್ನು ಹಾಳೆಯ ಎರಡೂ ಮಗ್ಗುಲಿಗೆ ಒತ್ತೊತ್ತಾಗಿ ಬರೆದು, ನಾಲ್ಕು ಮಡಿಕೆ ಮಾಡಿ, ಲಕೋಟೆಗೆ ತುಂಬಿ ಅಂಚೆಗೆ ಹಾಕುತ್ತಾರೆ. ಆ ಅಂಚೆ ಬಂದು ಬೀಳುವುದು ಶಹಾಪುರದ ನನ್ನ ಮನೆಯ ಪಡಸಾಲೆಗೆ. ಯಾಕೆಂದರೆ 'ಹೊಸ ಲೇಖಕರಿಗಾಗಿ ವಾರ್ಷಿಕ ಪ್ರೇಮಕಥಾ ಸ್ಪರ್ಧೆ' ಎಂಬುದನ್ನು ನಡೆಸಿಕೊಂಡು ಬರುತ್ತಿರುವ ಮಹಾನುಭಾವ ನಾನೇ. ಅಷ್ಟೊಂದು ಅಸಹ್ಯವಿದ್ದರೆ ನಡೆಸುವುದೇಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಒಂಬತ್ತು ವರ್ಷದಿಂದ ಅದನ್ನೇ ಕೇಳುತ್ತಿದ್ದಾಳೆ.

ಕಾರಣ ಇಷ್ಟೇ. ನಿವೃತ್ತನಾದ ಹೈಸ್ಕೂಲು ಕನ್ನಡ ಮಾಸ್ತರಿಗೆ ತಪ್ಪು ತಿದ್ದಲು ಏನಾದರೊಂದು ಬೇಕಾಗುತ್ತದೆ. ನೌಕರಿ ಮುಗಿದ ಮೊದಲ ಆರು ತಿಂಗಳು ನಾನು ಮನೆಗೆ ಬಂದ ಲಗ್ನಪತ್ರಿಕೆಗಳನ್ನು ತಿದ್ದಿದೆ. ಕಿರಾಣಿ ಅಂಗಡಿಯ ಬೋರ್ಡು ತಿದ್ದಲು ಹೋಗಿ ಅಂಗಡಿಯವನ ಬಾಯಿಗೆ ಬಿದ್ದೆ. ಕೊನೆಗೆ ಹೆಂಡತಿ ಬರೆದುಕೊಟ್ಟ ಸಂತೆಯ ಚೀಟಿಯನ್ನು ಕೆಂಪು ಪೆನ್ಸಿಲಿನಲ್ಲಿ ತಿದ್ದಿ, ಹತ್ತಕ್ಕೆ ನಾಲ್ಕು ಅಂಕ ಹಾಕಿಕೊಟ್ಟೆ. ಅಂದಿನಿಂದ ಅವಳು ಚೀಟಿ ಬರೆಯುವುದನ್ನೇ ಬಿಟ್ಟು ಬಾಯಲ್ಲಿ ಹೇಳಿ ಕಳಿಸುತ್ತಾಳೆ, ನಾನು ಅರ್ಧ ಮರೆತು ಬರುತ್ತೇನೆ. ಇಂಥ ಹೊತ್ತಿನಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಶರಣಪ್ಪನ ಝೆರಾಕ್ಸ್ ಅಂಗಡಿಯಲ್ಲಿ ಸಂಜೆಗೆ ಸೇರುವ ನಮ್ಮ ಏಳೆಂಟು ಜನರ ಬಳಗ ಒಂದು ಸ್ಪರ್ಧೆ ನಡೆಸಬೇಕೆಂದು ತೀರ್ಮಾನಿಸಿತು. ಮೊದಲು 'ಸಮಾಜದಲ್ಲಿ ಹಿರಿಯರ ಸ್ಥಾನ' ಎಂಬ ವಿಷಯ ಕೊಟ್ಟೆವು. ಮೂರು ಬರಹ ಬಂದವು, ಅದರಲ್ಲಿ ಎರಡು ನಮ್ಮವೇ. ಮರುವರ್ಷ ಶರಣಪ್ಪ, ಪ್ರೇಮಕಥೆ ಅಂತ ಇಟ್ಟು ನೋಡೋಣ ಎಂದ. ನಲವತ್ತು ಲಕೋಟೆ ಬಂದವು. ಹಿರಿಯರ ಸ್ಥಾನ ಸಮಾಜದಲ್ಲಿ ಎಲ್ಲಿದೆ ಎಂಬುದು ಅಲ್ಲಿಗೆ ಗೊತ್ತಾಯಿತು.

ಪ್ರಥಮ ಬಹುಮಾನಕ್ಕೆ ಒಂದು ಬೆಳ್ಳಿಯ ಪೆನ್ನು ಮಾಡಿಸಿದ್ದೆವು. ಬರೆಯಲು ಬರುವಂಥದ್ದಲ್ಲ, ಗಾಜಿನ ಡಬ್ಬಿಯಲ್ಲಿಟ್ಟು ನೋಡುವಂಥದ್ದು. ಎಂಟು ವರ್ಷ ಅದು ನನ್ನ ಕಪಾಟಿನಲ್ಲೇ ಇತ್ತು. ಯಾಕೆಂದರೆ ಎಂಟು ವರ್ಷವೂ ನಾನು 'ಪ್ರಥಮ ಬಹುಮಾನಕ್ಕೆ ಅರ್ಹವಾದ ಕಥೆ ಬಂದಿಲ್ಲ' ಎಂದು ಬರೆದು ಕೆಳಗೆ ಸಹಿ ಹಾಕಿದ್ದೆ. ದ್ವಿತೀಯ, ತೃತೀಯ, ಸಮಾಧಾನಕರ, ಎಲ್ಲ ಕೊಟ್ಟೆ. ಬೆಳ್ಳಿ ಪೆನ್ನು ಮಾತ್ರ ಕೊಡಲಿಲ್ಲ. ಪ್ರತಿ ದಸರೆಗೆ ಹೆಂಡತಿ ಅದಕ್ಕೆ ವಿಭೂತಿ ಹಚ್ಚಿ ತಿಕ್ಕಿ ಬೆಳ್ಳಗೆ ಮಾಡುತ್ತಿದ್ದಳು. ತಿಕ್ಕುವಾಗ, ಇದು ಯಾರದೋ ವಸ್ತು, ನಾನೇಕೆ ಇದರ ಸೇವೆ ಮಾಡಲಿ ಎಂದು ಗೊಣಗುತ್ತಿದ್ದಳು. ನನಗೆ ಒಳಗೊಳಗೆ ಹೆಮ್ಮೆ. ಇಡೀ ಯಾದಗಿರಿ ಜಿಲ್ಲೆಯಲ್ಲಿ ಯಾರಿಗೂ ಸುಲಭಕ್ಕೆ ಬಗ್ಗದ ಪರೀಕ್ಷಕ ಎಂಬ ಹೆಸರು ನನಗೆ ಬಂದಿತ್ತು, ಅಥವಾ ಬಂದಿದೆ ಎಂದು ನಾನು ತಿಳಿದಿದ್ದೆ.

ಬಂದ ಕಥೆಗಳು ಎಂಥವು ಎಂದು ಸ್ವಲ್ಪ ಹೇಳದಿದ್ದರೆ ನನ್ನ ಸಂಕಟ ನಿಮಗೆ ತಿಳಿಯುವುದಿಲ್ಲ. ಶಹಾಪುರದವರ ಕಥೆಯಲ್ಲಿ ಪ್ರೇಮಿಗಳು ಮಲಗಿದ ಬುದ್ಧನ ಬೆಟ್ಟವನ್ನು ನೋಡುತ್ತ ಕುಳಿತುಕೊಳ್ಳಲೇಬೇಕು. ಆ ಬುದ್ಧ ಅಂಗಾತ ಬಿದ್ದು ಕಣ್ಣು ಮುಚ್ಚಿಕೊಂಡದ್ದೇ ಇವರ ಮಾತು ಕೇಳಲಾರದೆ ಎಂದು ನನ್ನ ಅನುಮಾನ. ಸೈದಾಪುರದವರದು ರೈಲು. ಗಾಡಿ ನಿಲ್ಲುವುದು ಎರಡೇ ನಿಮಿಷ, ಅಷ್ಟರಲ್ಲೇ ನೋಟ, ಪರಿಚಯ, ಪ್ರೇಮ, ಅಗಲಿಕೆ ಎಲ್ಲ ಆಗಿ, ಗಾರ್ಡು ಹಸಿರು ಬಾವುಟ ತೋರಿಸುತ್ತಾನೆ. ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನಿಂದ ವರ್ಷಕ್ಕೊಂದು ಕಥೆ ತಪ್ಪದೆ ಬರುತ್ತದೆ. ಅದರಲ್ಲಿ ನಾಯಕಿ ಅತ್ತರೆ ಎಷ್ಟು ಕ್ಯೂಸೆಕ್ ಎಂಬ ಲೆಕ್ಕ ಇರುತ್ತದೆ. ಗುರುಮಠಕಲ್ಲಿನವರ ನಾಯಕ ಸಿಟ್ಟು ಬಂದಾಗ ಕನ್ನಡದಲ್ಲೂ ಪ್ರೀತಿ ಉಕ್ಕಿದಾಗ ತೆಲುಗಿನಲ್ಲೂ ಮಾತಾಡುತ್ತಾನೆ. ಇನ್ನು ಹೆಸರುಗಳೋ, ಸುರಪುರದ ಸಂತೆಯಲ್ಲಿ ಮೆಣಸಿನಕಾಯಿ ಚೀಲ ಇಳಿಸುವ ಹುಡುಗನಿಗೂ ಆರ್ಯನ್ ಎಂದೇ ಹೆಸರು. ಅವನ ಅಪ್ಪನ ಹೆಸರು ಮಾತ್ರ ಭೀಮರಾಯ.

ಇದನ್ನೆಲ್ಲ ಕ್ಷಮಿಸಬಹುದಿತ್ತು. ನನಗೆ ಮೈಯೆಲ್ಲ ಉರಿಯುತ್ತಿದ್ದುದು ಬೇರೊಂದು ಕಾರಣಕ್ಕೆ. ಈ ಕಥೆಗಳಲ್ಲಿ ಯಾರೂ ಪ್ರೀತಿಯನ್ನೇ ಮಾಡುತ್ತಿರಲಿಲ್ಲ. ನಾಯಕ ಮೊದಲ ಪುಟದಲ್ಲೇ ನಾಯಕಿಯ ಅಪ್ಪನ ಹತ್ತಿರ ಹೋಗಿ, ಕಾಕಾ, ನಿಮ್ಮ ಮಗಳನ್ನು ಪ್ರೀತಿಸಲು ಅಪ್ಪಣೆಯಾಗಬೇಕು ಎಂದು ಕೈಮುಗಿಯುತ್ತಿದ್ದ. ಒಂದು ಕಥೆಯಲ್ಲಿ ಪ್ರೇಮಿಗಳು ಆರು ಸಲ ಭೇಟಿಯಾಗುತ್ತಾರೆ, ಆರೂ ಸಲ ನಡುವೆ ಸೋದರತ್ತೆ ಕುಳಿತು ಶೇಂಗಾ ಸುಲಿಯುತ್ತಿರುತ್ತಾಳೆ. ಇನ್ನೊಂದರಲ್ಲಿ ಇಡೀ ಕಥೆಯ ಅತಿ ರೋಮಾಂಚಕ ಸಾಲು 'ಇಬ್ಬರೂ ಪರಸ್ಪರ ಗೌರವದಿಂದ ನೋಡಿಕೊಂಡರು' ಎಂಬುದು. ಅದರ ಪಕ್ಕದಲ್ಲಿ ನಾನು ಕೆಂಪು ಪೆನ್ಸಿಲಿನಲ್ಲಿ, 'ಇದು ಪ್ರೇಮಕಥೆಯೋ ಸಹಕಾರ ಸಂಘದ ಠರಾವೋ?' ಎಂದು ಬರೆದೆ. ತಂದೆಯ ಪಾತ್ರವೊಂದು ಎಲ್ಲ ಕಥೆಯಲ್ಲೂ ದೇವರಂತೆ ಬಂದು ಹೋಗುತ್ತಿತ್ತು. ಅವನ ಮೀಸೆಗೆ ಕೊಟ್ಟಷ್ಟು ವರ್ಣನೆಯನ್ನು ನಾಯಕಿಯ ಕಣ್ಣಿಗೆ ಯಾರೂ ಕೊಟ್ಟವರಲ್ಲ. ವರ್ಷ ವರ್ಷ ನಾನು ಹಾಳೆಗಳ ಕೊನೆಯಲ್ಲಿ ಬರೆಯುತ್ತಿದ್ದ ಷರಾ ಒಂದೇ: 'ಧೈರ್ಯ ಸಾಲದು.' ಹಾಗೆ ಬರೆದು, ಅಂಚೆಯಲ್ಲಿ ತಿರುಗಿ ಕಳಿಸುತ್ತಿದ್ದೆ. ಬಹುಮಾನ ವಿತರಣೆಯ ಭಾಷಣದಲ್ಲಿ, ನಮ್ಮ ಭಾಗದವರು ಮಾತಿನಲ್ಲಿ ಒರಟು, ಬರೆಯಲು ಕುಳಿತರೆ ಪುಕ್ಕಲು ಎಂದು ಸಿದ್ಧಾಂತವನ್ನೂ ಮಂಡಿಸಿದೆ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೂ ಪುಕ್ಕಲಾಗಿಯೇ ಇತ್ತು.

ಪುಕ್ಕಲುತನದ ಮಾತು ಬಂದದ್ದಕ್ಕೆ ಒಂದು ಹಳೆಯ ಸಂಗತಿ ನೆನಪಾಯಿತು. ನನ್ನ ನಿಶ್ಚಿತಾರ್ಥವಾದ ಮೇಲೆ ನಾನು ನನ್ನ ಹೆಂಡತಿಯಾಗುವವಳಿಗೆ ಒಂದು ಪತ್ರ ಬರೆದೆ. ಜೀವನದಲ್ಲಿ ನಾನು ಬರೆದ ಏಕೈಕ ಪ್ರೇಮಪತ್ರ. ಬರೆದವನು ಅಂಚೆಗೆ ಹಾಕಬೇಕೋ ಬೇಡವೋ? ನಾನು ಅದನ್ನು ಅಪ್ಪನಿಗೆ ತೋರಿಸಿದೆ. ತಪ್ಪಿಲ್ಲದೆ ಇರಲಿ ಎಂಬುದು ನೆಪ, ತೋರಿಸದೆ ಕಳಿಸುವ ಎದೆಗಾರಿಕೆ ಇರಲಿಲ್ಲ ಎಂಬುದು ನಿಜ. ಅಪ್ಪ ಕನ್ನಡಕ ಏರಿಸಿ ಓದಿದರು. ಮೇಲೆ 'ಮಾತಾಪಿತೃಗಳಿಗೆ ನಮಸ್ಕಾರಗಳು' ಎಂದು ಸೇರಿಸಿದರು. ನಡುವಿನ ಒಂದು ಸಾಲನ್ನು ಮಸಿಯಿಂದ ಹೊಡೆದುಹಾಕಿ, ಅಂಚಿನಲ್ಲಿ 'ಈ ಕಡೆ ಜೋಳ ಚೆನ್ನಾಗಿ ಬಂದಿದೆ' ಎಂದು ತಮ್ಮ ಕೈಯಿಂದಲೇ ಬರೆದರು. ಪತ್ರ ಹಾಗೆಯೇ ಹೋಯಿತು. ಇದನ್ನು ಇಲ್ಲಿ ಯಾಕೆ ಹೇಳಿದೆನೋ ಗೊತ್ತಿಲ್ಲ, ಮುಂದಕ್ಕೆ ಹೋಗೋಣ.

ಸ್ಪರ್ಧೆಯ ಪ್ರವೇಶಪತ್ರದ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ನನ್ನದೇ ಕೈವಾಡ. ಮೂವತ್ತು ವರ್ಷ ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ ನಡೆಸಿದ ಅನುಭವವಿದ್ದ ನನಗೆ ಹೊಸದಾಗಿ ನಮೂನೆ ಮಾಡುವ ಅಗತ್ಯ ಕಾಣಲಿಲ್ಲ. 'ನೀರಿನ ಮಿತಬಳಕೆ' ಪ್ರಬಂಧ ಸ್ಪರ್ಧೆಯ ಹಳೆಯ ನಮೂನೆಯನ್ನು ಶರಣಪ್ಪನಿಗೆ ಕೊಟ್ಟು, ತಲೆಬರಹ ಬದಲಿಸಿ ನೂರು ಪ್ರತಿ ತೆಗೆ ಎಂದೆ. ಹೆಸರು, ಊರು, ವಯಸ್ಸು, ಕಥೆಯ ಶೀರ್ಷಿಕೆ. ಅದರ ಕೆಳಗೆ: 'ನನ್ನ ಮಗ/ಮಗಳು ಸದರಿ ಸ್ಪರ್ಧೆಯಲ್ಲಿ ಭಾಗವಹಿಸಲು ನನ್ನ ಪೂರ್ಣ ಒಪ್ಪಿಗೆ ಇರುತ್ತದೆ. ಬರಹವನ್ನು ನಾನು ಓದಿರುತ್ತೇನೆ/ಓದಿಸಿ ಕೇಳಿರುತ್ತೇನೆ. ಪಾಲಕರ ಸಹಿ.' ಕೊನೆಯಲ್ಲಿ ನಿಯಮ: ಅಪೂರ್ಣ ಪ್ರವೇಶಪತ್ರಗಳನ್ನು ತಿರಸ್ಕರಿಸಲಾಗುವುದು. ಎಂಥ ಶಿಸ್ತು ನೋಡಿ. ಗುರುಮಠಕಲ್ಲಿನ ಐವತ್ತು ದಾಟಿದ ಕಂಡಕ್ಟರನೊಬ್ಬ ಹಾಸಿಗೆ ಹಿಡಿದ ತನ್ನ ತಂದೆಯ ಹೆಬ್ಬೆಟ್ಟು ಒತ್ತಿಸಿ ಕಳಿಸಿದ್ದ. ಯಾದಗಿರಿಯ ವಿಧುರರೊಬ್ಬರು ತಂದೆ ತಾಯಿ ಇಬ್ಬರೂ ಇಲ್ಲವೆಂದು ಮಗನಿಂದ ಸಹಿ ಹಾಕಿಸಿದ್ದರು. ನಾನು ಅವರ ಕಥೆಗಳನ್ನು ಹಳಿದರೂ ಪ್ರವೇಶಪತ್ರಗಳನ್ನು ಮೆಚ್ಚಿಕೊಳ್ಳುತ್ತಿದ್ದೆ.

ಈ ವರ್ಷ ಬಳಗದವರ ತಾಳ್ಮೆ ಕೆಟ್ಟಿತು. ಎಂಟು ವರ್ಷ ಪ್ರಥಮ ಬಹುಮಾನವಿಲ್ಲದ ಸ್ಪರ್ಧೆಗೆ ಯಾರು ಬರೆದಾರು, ಲಕೋಟೆಗಳು ನಲವತ್ತರಿಂದ ಹತ್ತೊಂಬತ್ತಕ್ಕೆ ಇಳಿದಿವೆ ಎಂದು ತಕರಾರು ಎತ್ತಿದರು. ಈ ಸಲವೂ ಬೆಳ್ಳಿ ಪೆನ್ನು ಹೊರಗೆ ಬರದಿದ್ದರೆ ಪ್ರೇಮಕಥೆ ನಿಲ್ಲಿಸಿ ರಂಗೋಲಿ ಸ್ಪರ್ಧೆ ಇಡುವುದೆಂದು ಎಲ್ಲರೂ ಕೈಯೆತ್ತಿದರು. ಶರಣಪ್ಪ ಅಷ್ಟೊತ್ತಿಗಾಗಲೇ ರಂಗೋಲಿಯ ಬ್ಯಾನರಿಗೆ ಅಕ್ಷರ ಜೋಡಿಸಲು ಶುರುಮಾಡಿದ್ದ. ರಂಗೋಲಿಯಲ್ಲಿ ತಿದ್ದಲು ಏನಿರುತ್ತದೆ ಹೇಳಿ? ಕೆಂಪು ಪೆನ್ಸಿಲು ಹಿಡಿದು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂರುವ ನನ್ನ ಚಿತ್ರ ಕಣ್ಣಮುಂದೆ ಬಂದು ನಾನು ನಡುಗಿದೆ. ಸಿಟ್ಟಿನಿಂದಲೇ ಮನೆಗೆ ಬಂದು ಹತ್ತೊಂಬತ್ತೂ ಕಥೆಗಳನ್ನು ಓದಲು ಕುಳಿತೆ. ಹದಿಮೂರರವರೆಗೂ ಅದೇ ಕಾಕಾ, ಅದೇ ಅಪ್ಪಣೆ. ಹದಿನಾಲ್ಕನೆಯದನ್ನು ತೆಗೆದವನು ಚಹಾ ಆರಿಸಿಬಿಟ್ಟೆ.

ಕಥೆ ಇಷ್ಟೇ. ಹೊಳೆಯ ಆ ದಂಡೆಗೆ ಹೊಲಿಗೆ ಕಲಿಯಲು ಹರಗೋಲಿನಲ್ಲಿ ದಾಟಿ ಹೋಗುವ ಒಬ್ಬಳು, ಹುಟ್ಟು ಹಾಕುವ ಒಬ್ಬ. ಅವನು ಮಾತಿನವನಲ್ಲ. ದಾರಿ ಉದ್ದವಾಗಲಿ ಎಂದು ನಡುಹೊಳೆಯಲ್ಲಿ ಹರಗೋಲನ್ನು ಸುಮ್ಮನೆ ಮೂರು ಸುತ್ತು ತಿರುಗಿಸುತ್ತಾನೆ. ಎರಡನೆಯ ಸುತ್ತಿಗೆ ಅವಳು ಅವನ ತೋಳು ಹಿಡಿಯುತ್ತಾಳೆ, ಮೂರನೆಯದು ಮುಗಿದ ಮೇಲೂ ಬಿಡುವುದಿಲ್ಲ. ಒಂದು ದಿನ, ಹುಟ್ಟು ನನ್ನ ಕೈಗೆ ಕೊಡು ಎಂದು ತಾನೇ ಕೇಳಿ ಇಸಿದುಕೊಂಡು, ತಾನೇ ತಿರುಗಿಸಿ, ಅವನ ಒದ್ದೆ ಕುತ್ತಿಗೆಗೆ ಮುತ್ತಿಡುತ್ತಾಳೆ. ಹೊಳೆಯ ನೀರಿನ ರುಚಿ ಅವಳಿಗೆ ಅಂದು ಮೊದಲು ತಿಳಿಯಿತು ಎಂದು ಬರೆದಿತ್ತು. ಅಪ್ಪಣೆ ಇಲ್ಲ, ಅತ್ತೆ ಇಲ್ಲ, ಶೇಂಗಾ ಇಲ್ಲ. ಕೆಂಪು ಪೆನ್ಸಿಲು ಕೈಯಲ್ಲಿ ಹಾಗೆಯೇ ಇತ್ತು, ಹಾಳೆಗೆ ತಾಗಿಸಲು ಜಾಗ ಸಿಗಲಿಲ್ಲ. ನನಗೆ ಸಂತೋಷವಾಯಿತು ಎಂದು ನೇರವಾಗಿಯೇ ಹೇಳುತ್ತೇನೆ. ಎಂಟು ವರ್ಷದ ಕೊರಡು ಕಥೆಗಳನ್ನು ಓದಿ ಒಣಗಿಹೋಗಿದ್ದ ನಾನು ಟವೆಲಿನಿಂದ ಕಣ್ಣೊರೆಸಿಕೊಂಡೆ. ಹೆಂಡತಿ ಬಂದು, ಯಾರು ತೀರಿಕೊಂಡರು ಎಂದು ಕೇಳಿದಳು.

ಲಕೋಟೆಗಳನ್ನು ಶರಣಪ್ಪನೇ ಬಂದು ಒಡೆದು ಪ್ರವೇಶಪತ್ರಗಳನ್ನು ಒಯ್ದಿಟ್ಟುಕೊಳ್ಳುತ್ತಾನೆ, ಕಥೆಗಳಿಗೆ ಬರೀ ನಂಬರು. ಪಕ್ಷಪಾತವಾಗದಿರಲಿ ಎಂದು ಅದೂ ನನ್ನದೇ ವ್ಯವಸ್ಥೆ. ಮರುದಿನ ಓಡಿಹೋಗಿ ಹದಿನಾಲ್ಕರ ಪತ್ರ ತೆಗೆಸಿದೆ. ಹೆಸರು ರೇಣುಕಾ, ವಯಸ್ಸು ಇಪ್ಪತ್ತಮೂರು, ಸುರಪುರ ತಾಲೂಕಿನ ಕೃಷ್ಣಾ ದಂಡೆಯ ಒಂದು ಊರು. ತಂದೆ ಯಂಕಪ್ಪ, ಮೀನು ಹಿಡಿಯುವುದು, ಹರಗೋಲು ನಡೆಸುವುದು. ಪಾಲಕರ ಸಹಿಯ ಜಾಗ ಖಾಲಿ. ಶರಣಪ್ಪ ಕನ್ನಡಕದ ಮೇಲಿಂದ ನೋಡಿ, "ನಿಮ್ಮ ನಿಯಮದ ಪ್ರಕಾರ ಇದು ಬಾದ್ ಆಗ್ತದಲ್ರಿ ಸರ" ಎಂದ. ಬೇರೆಯವರಾದರೆ, ಇರಲಿ ಬಿಡು ಎನ್ನುತ್ತಿದ್ದರೇನೋ. ಆದರೆ ಮೂರು ವರ್ಷದ ಹಿಂದೆ ಇದೇ ಕಾರಣಕ್ಕೆ ನಾನು ಐದು ಕಥೆಗಳನ್ನು ಓದದೆಯೇ ತಿರಸ್ಕರಿಸಿ, ಅದನ್ನು ಬಳಗದಲ್ಲಿ ಕೊಚ್ಚಿಕೊಂಡವನು. ಪತ್ರದಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಹುಡುಗಿ ಮೆಲ್ಲಗೆ, "ಅಪ್ಪ ಸಹಿ ಮಾಡಾಂಗಿಲ್ಲ ಅಂತಾನ್ರಿ ಸರ" ಎಂದಳು. ನಾನು ಕಾರಣ ಕೇಳುವ ಗೋಜಿಗೆ ಹೋಗಲಿಲ್ಲ. ಶನಿವಾರ ಸಂಜೆ ಬಳಗದ ಸಭೆ, ಅಷ್ಟರೊಳಗೆ ಸಹಿ ಬರದಿದ್ದರೆ ಕಥೆಯೂ ಹೋಯಿತು, ಸ್ಪರ್ಧೆಯೂ ಹೋಯಿತು.

ನನಗೆ ಎಲ್ಲ ಅರ್ಥವಾಗಿಹೋಯಿತು. ಮೀಸೆ ತಿರುವುವ ಕಟುಕ ಅಪ್ಪ, ಒಲೆಯ ಮುಂದೆ ಕದ್ದು ಬರೆಯುವ ಮಗಳು. ಹದಿಮೂರು ಕಥೆಗಳಲ್ಲಿ ಓದಿ ಹೇಸಿದ್ದ ಅದೇ ಅಪ್ಪನನ್ನು ನಾನು ನಿಂತ ನಿಲುವಿನಲ್ಲಿ ಯಂಕಪ್ಪನ ಮೈಮೇಲೆ ಹೊದಿಸಿಬಿಟ್ಟೆ. ಶನಿವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟೆ. ಸುರಪುರದವರೆಗೆ ಬಸ್ಸು, ಅಲ್ಲಿಂದ ಹೊಳೆಯವರೆಗೆ ಟಂಟಂ. ಬಸ್ಸಿನಲ್ಲಿ ಭಾಷಣ ತಯಾರು ಮಾಡಿಕೊಂಡೆ. ಹೆಣ್ಣುಮಕ್ಕಳ ಪ್ರತಿಭೆ, ಕಾಲ ಬದಲಾಗಿರುವುದು, ಪ್ರೀತಿ ಎಂಬುದು ಎಷ್ಟು ಪವಿತ್ರವಾದ ಭಾವನೆ ಎಂಬುದು. ಟಂಟಂನಲ್ಲಿ ಅದನ್ನು ಬಾಯಿಬಿಟ್ಟು ಒಮ್ಮೆ ಹೇಳಿಕೊಂಡಿರಬೇಕು. ಪಕ್ಕದಲ್ಲಿ ಕೋಳಿ ಹಿಡಿದು ಕೂತಿದ್ದ ಅಜ್ಜಿ ಸ್ವಲ್ಪ ಆಚೆ ಸರಿದಳು.

ಯಂಕಪ್ಪನಿಗೆ ಮೀಸೆಯೇ ಇರಲಿಲ್ಲ. ತೆಳ್ಳನೆಯ ಮನುಷ್ಯ, ಮನೆಯ ಮುಂದಿನ ಬೇವಿನ ನೆರಳಿನಲ್ಲಿ ಕುಳಿತು ಬಲೆಯ ಹರಿದ ಕಣ್ಣುಗಳನ್ನು ಕಟ್ಟುತ್ತಿದ್ದ. ನನ್ನನ್ನು ನೋಡಿ ಎದ್ದು, ಬರ್ರಿ ಸರ, ಕುಂದರ್ರಿ ಎಂದು ಕಂಬಳಿ ಹಾಸಿದ. ರೇಣುಕಾ ನೀರು ತಂದಿಟ್ಟು ಬಾಗಿಲ ಬಳಿ ನಿಂತಳು. ಅವಳ ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು. ಸುದ್ದಿ ಹೇಗೆ ಹೋಯಿತೋ, ಆಚೀಚೆ ಮನೆಯ ಹತ್ತು ಹನ್ನೆರಡು ಜನ ಬಂದು ಸುತ್ತ ಕೂತುಬಿಟ್ಟರು. ನಾನು ಭಾಷಣ ಶುರು ಮಾಡಿದೆ. ಯಂಕಪ್ಪ ಬಲೆ ಕಟ್ಟುತ್ತಲೇ ಎಲ್ಲ ಕೇಳಿಸಿಕೊಂಡು, ನನಗೆ ಅಕ್ಷರ ಅಷ್ಟಾಗಿ ಬರುವುದಿಲ್ಲ, ಸಹಿ ಮಾಡುವಷ್ಟೇ ಕಲಿತವನು, ಇಷ್ಟು ದೂರ ಬಂದಿದ್ದೀರಿ, ನೀವೇ ಒಮ್ಮೆ ಓದಿ ಹೇಳಿ, ಆಮೇಲೆ ನೋಡೋಣ ಎಂದ. ನಿಯಮದಲ್ಲೂ 'ಓದಿಸಿ ಕೇಳಿರುತ್ತೇನೆ' ಎಂದೇ ಇತ್ತಲ್ಲ. ನಾನು ಬಹಳ ಉತ್ಸಾಹದಿಂದ ಹಾಳೆ ಬಿಚ್ಚಿದೆ.

ಮೊದಲ ಪುಟ ಸೊಗಸಾಗಿ ಓದಿದೆ. ಮೂವತ್ತು ವರ್ಷ ಪದ್ಯ ಓದಿದ ಗಂಟಲು. ಎರಡನೆಯ ಪುಟದಲ್ಲಿ ಹರಗೋಲು ನಡುಹೊಳೆಗೆ ಬಂತು. ನಾನು ತಲೆಯೆತ್ತಿ ನೋಡಿದೆ. ಎದುರಿಗೆ ಹುಡುಗಿಯ ಅಪ್ಪ, ಬಾಗಿಲಲ್ಲಿ ಹುಡುಗಿ. ಮೊಣಕಾಲಿಗೆ ಗದ್ದ ಊರಿದ ಮುದುಕರು, ಸೆರಗು ಬಾಯಿಗಿಟ್ಟುಕೊಂಡ ಹೆಂಗಸರು, ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ. ರೊಟ್ಟಿಯ ಸದ್ದೂ ನಿಂತಿತ್ತು. ನನ್ನ ಕಿವಿ ಬಿಸಿಯಾದವು. ಹಾಳೆಯಲ್ಲಿದ್ದದ್ದು ಮೂರು ಸುತ್ತು ಮತ್ತು ತೋಳು. ನನ್ನ ಬಾಯಿಂದ ಬಂದದ್ದು, 'ಅವನು ನಡುಹೊಳೆಯಲ್ಲಿ ಹರಗೋಲನ್ನು ಬಹಳ ಜಾಗ್ರತೆಯಿಂದ ನಡೆಸಿದನು. ಅವಳು ಹರಗೋಲಿನ ಅಂಚನ್ನು ಹಿಡಿದುಕೊಂಡಳು.' ಒಮ್ಮೆ ಜಾರಿದ ಮೇಲೆ ನಿಲ್ಲುವುದು ಎಲ್ಲಿ? ಅವಳು ಹುಟ್ಟು ಕೇಳಿದ ಜಾಗದಲ್ಲಿ ಈ ವರ್ಷ ಮೀನು ಹೇಗಿದೆ ಎಂದು ಕೇಳಿಸಿದೆ. ಚೆನ್ನಾಗಿದೆ ಎಂದು ಅವನಿಂದ ಹೇಳಿಸಿದೆ. ಕುತ್ತಿಗೆಯ ಹತ್ತಿರ ಬಂದಾಗ ಬೆವರು ಒರೆಸಿಕೊಂಡು ಓದಿದೆ: 'ಇಬ್ಬರೂ ಪರಸ್ಪರ ಗೌರವದಿಂದ ನೋಡಿಕೊಂಡರು.' ಓದಿದ ಮೇಲೆ, ಈ ಸಾಲನ್ನು ಎಲ್ಲೋ ಕಂಡಿದ್ದೇನಲ್ಲ ಎನಿಸಿತು. ಹಾಳೆ ಮಡಚಿ ನೀರು ಕುಡಿದೆ.

ಯಂಕಪ್ಪ ಬಲೆ ಕೆಳಗಿಟ್ಟ. ಬಹಳ ಮರ್ಯಾದೆಯಿಂದ, ಹೊಳೆ ದಾಟುವವನಿಗೆ ಚೀಲ ಮರೆತದ್ದನ್ನು ನೆನಪಿಸುವವನಂತೆ ಕೇಳಿದ: "ಸರ, ನಡುಹೊಳ್ಯಾಗ ಹರಗೋಲು ತಿರಗಿಸಿದ್ದು ಬಿಟ್ರಲ್ರಿ?"

ನಾನು ಹಾಳೆಯನ್ನು ನೋಡಿದೆ, ಹೊಳೆಯನ್ನು ನೋಡಿದೆ, ನನ್ನ ಚಪ್ಪಲಿ ನೋಡಿದೆ. ಮಗಳು ಅದನ್ನು ತನಗೆ ನಾಲ್ಕು ಸಲ ಓದಿ ಹೇಳಿದ್ದಾಳೆ ಎಂದು ಅವನೇ ವಿವರಿಸಿದ. ಮೊದಲು ಒಂದೇ ಸುತ್ತು ಬರೆದಿದ್ದಳಂತೆ. ಒಂದು ಸುತ್ತಿಗೆ ಯಾರ ತಲೆಯೂ ತಿರುಗುವುದಿಲ್ಲ, ಮೂರು ಮಾಡು, ಎರಡನೆಯದರಲ್ಲಿ ತೋಳು ಹಿಡಿಸು ಎಂದು ತಾನೇ ಹೇಳಿಕೊಟ್ಟೆ ಎಂದ. ಹುಟ್ಟನ್ನು ಯಾವ ಕೈಯಲ್ಲಿ ಹಿಡಿದರೆ ಯಾವ ಕೈ ಖಾಲಿ ಉಳಿಯುತ್ತದೆ ಎಂಬುದನ್ನೂ ತೋರಿಸಿದ. ಒಳಗೆ ರೇಣುಕಾಳ ಅವ್ವ ಸುಮ್ಮನೆ ಕೆಮ್ಮಿದಳು. ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಕ್ಕರು. ನನಗೆ ಆಗ ತಿಳಿಯಿತು, ಆ ಮೂರು ಸುತ್ತು ಬರೀ ಕಲ್ಪನೆಯದ್ದಲ್ಲ, ಮತ್ತು ಈ ಅಂಗಳದಲ್ಲಿ ಅದು ಗೊತ್ತಿಲ್ಲದವನು ನಾನೊಬ್ಬನೇ.

ಹಾಗಾದರೆ ಸಹಿ ಯಾಕೆ ಹಾಕಲಿಲ್ಲ ಎಂದು ಕೇಳಿದೆ. ದನಿಯಲ್ಲಿ ಭಾಷಣದ ಗತ್ತು ಉಳಿದಿರಲಿಲ್ಲ. ಯಂಕಪ್ಪ ಬಲೆಯನ್ನು ಮತ್ತೆ ಕೈಗೆತ್ತಿಕೊಂಡ.

"ಸಾಲಿಗಿ ಹಾಕುವಾಗ ದಸ್ಕತ್ ಮಾಡೀನ್ರಿ, ಹರಗೋಲಿನ ಪರವಾನಗಿಗಿ ಮಾಡೀನಿ. ಹೋದ ವರ್ಷ ಇಕಿ ಕಥಿಗೂ ಮಾಡಿದ್ದೆ. ನನ್ನ ದಸ್ಕತ್ ಬೀಳ್ಬೇಕಂತ ಅಂಜಿ ಅಂಜಿ ಬರದಿದ್ಲು, ಅದರಾಗ ಏನೂ ಇರ್ಲಿಲ್ಲ. ಪ್ರೀತಿ ಕಥಿಗಿ ಅಪ್ಪನ ದಸ್ಕತ್ ಕೇಳಿದ್ರ ಯಾವ ಮಗಳು ಖರೆ ಬರೀತಾಳ್ರಿ ಸರ? ಈ ಸಲ ನಾ ಮಾಡಾಂಗಿಲ್ಲ, ನೀ ಬರಿ ಅಂದೆ. ಬರದ್ಲು."

ರೇಣುಕಾ ಒಳಗೆ ಹೋಗಿ ಒಂದು ಹಾಳೆ ತಂದು ನನ್ನ ಮುಂದೆ ಇಟ್ಟಳು. ಅವಳ ಹೋದ ವರ್ಷದ ಕಥೆಯ ಕೊನೆಯ ಪುಟ. ಶೇಂಗಾ ಸುಲಿಯುವ ಸೋದರತ್ತೆಯ ಕಥೆ ಅವಳದೇ. ಕೆಳಗೆ ನನ್ನ ಕೆಂಪು ಅಕ್ಷರ, 'ಧೈರ್ಯ ಸಾಲದು. ಯಾರಿಗೆ ಹೆದರಿ ಬರೆದದ್ದು ಇದು?' ಪುಟ ತುಂಬುವಷ್ಟು ದೊಡ್ಡದಾಗಿ ಬರೆದು ಎರಡು ಗೀರೂ ಎಳೆದಿದ್ದೆ. ಹುಡುಗಿ ಹಾಳೆ ಇಟ್ಟು ಚಹಾ ಮಾಡಲು ಹೋದಳು. ಕೇಳಿದ ಪ್ರಶ್ನೆಗೆ ಉತ್ತರ ನನ್ನ ಜೇಬಿನ ಪ್ರವೇಶಪತ್ರದಲ್ಲೇ ಇತ್ತು, ಅದನ್ನು ನೂರು ಪ್ರತಿ ಝೆರಾಕ್ಸ್ ಮಾಡಿಸಿ ಹಂಚಿದ್ದೆ. ಎಂಟು ವರ್ಷ ಮನೆ ಮನೆಯ ಅಪ್ಪಂದಿರನ್ನು ನಾನೇ ಕರೆದು ಕಥೆಗಳ ಬಾಗಿಲಲ್ಲಿ ಕೂರಿಸಿ, ಒಳಗೆ ಯಾರೂ ಮುತ್ತಿಡುವುದಿಲ್ಲವಲ್ಲ ಎಂದು ಹೊರಗೆ ನಿಂತು ಬೈದಿದ್ದೆ. ಐವತ್ತು ದಾಟಿದ ಆ ಕಂಡಕ್ಟರ್, ಮಗನ ಸಹಿ ತಂದ ಆ ವಿಧುರರು, ಅವರ ಹೊಟ್ಟೆಯೊಳಗೆ ಎಂಥ ಕಥೆ ಇತ್ತೋ, ಹೆಬ್ಬೆಟ್ಟಿನ ಮಸಿಯಲ್ಲಿ ಮುಚ್ಚಿಹೋಯಿತು. ನನಗೆ ನಾಚಿಕೆಯಾಯಿತು. ಚಹಾ ಬಂತು, ಕುಡಿದೆ, ಸಕ್ಕರೆ ಹೆಚ್ಚೋ ಕಡಿಮೆಯೋ ನೆನಪಿಲ್ಲ. ಯಂಕಪ್ಪ, ಬಂದವರು ಹೊಳೆ ನೋಡದೆ ಹೋಗಬಾರದು ಎಂದು ಹರಗೋಲಿನಲ್ಲಿ ಕೂರಿಸಿಕೊಂಡು ನಡುನೀರಿಗೆ ಹೋಗಿ, ಹೇಳದೆ ಕೇಳದೆ ಮೂರು ಸುತ್ತು ತಿರುಗಿಸಿದ. ಎರಡನೆಯ ಸುತ್ತಿಗೆ ನಾನು ಅವನ ತೋಳು ಹಿಡಿದುಕೊಂಡೆ. ಹುಡುಗಿ ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ.

ಸಂಜೆಯ ಸಭೆಯಲ್ಲಿ ನಾನು ಹದಿನಾಲ್ಕನೆಯ ಪ್ರವೇಶಪತ್ರ ಮುಂದಿಟ್ಟು, ಪಾಲಕರ ಸಹಿಯ ಕಾಲಂ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೀಟು ಎಳೆದೆ. ನನ್ನ ಬರಹದ ಮೇಲೆ ನಾನೇ ಗೀಟೆಳೆದದ್ದು ಅದೇ ಮೊದಲು. ಶರಣಪ್ಪ ರಂಗೋಲಿಯ ಬ್ಯಾನರನ್ನು ಕಂಪ್ಯೂಟರಿನಿಂದ ಅಳಿಸಿದ. ಬೆಳ್ಳಿ ಪೆನ್ನು ಕೊನೆಗೂ ನನ್ನ ಕಪಾಟು ಬಿಟ್ಟು ಹೊಳೆದಂಡೆಗೆ ಹೋಯಿತು. ಅದರಲ್ಲಿ ಬರೆಯಲು ಬರುವುದಿಲ್ಲ ಎಂದು ರೇಣುಕಾಳಿಗೆ ಕೊಡುವಾಗ ಹೇಳಿದೆ. ಗೊತ್ತಾಯಿತ್ರಿ ಸರ ಎಂದು ನಕ್ಕಳು. ಮುಂದಿನ ವರ್ಷಕ್ಕೆ ಕಾಲಂ ಇಲ್ಲದ ನಮೂನೆ ಹಂಚಿಯೂ ಆಯಿತು. ಸುದ್ದಿ ಹಬ್ಬಿ, ಕೊನೆಯ ದಿನಾಂಕಕ್ಕೆ ಇನ್ನೂ ಎರಡು ತಿಂಗಳಿರುವಾಗಲೇ ಮೂವತ್ತು ಲಕೋಟೆ ಬಂದಿವೆ. ಕಾಕಾ ಎಲ್ಲಿಯೂ ಇಲ್ಲ. ಸೋದರತ್ತೆಯರು ಶೇಂಗಾ ಸಮೇತ ಮಾಯವಾಗಿದ್ದಾರೆ. ಅವರ ಜಾಗದಲ್ಲಿ ನಡೆಯುತ್ತಿರುವುದನ್ನು ನಾನು ಪಡಸಾಲೆಯಲ್ಲಿ ಕುಳಿತು ಓದಲಾರೆ, ಮಾಳಿಗೆಗೆ ಹೋಗಿ ಬಾಗಿಲು ಹಾಕಿಕೊಂಡು ಓದುತ್ತಿದ್ದೇನೆ. ನಾರಾಯಣಪುರದವನು ಕ್ಯೂಸೆಕ್ ಬಿಟ್ಟು ಗೇಟನ್ನೇ ಎತ್ತಿದ್ದಾನೆ. ಇಷ್ಟು ಧೈರ್ಯವನ್ನು ಯಾರು ಕೇಳಿದ್ದರು ಎಂದು ಕೆಲವು ಹಾಳೆಗಳ ಅಂಚಿನಲ್ಲಿ ಬರೆಯಲು ಹೋಗಿ, ಕೈ ಹಿಂದಕ್ಕೆ ತೆಗೆದುಕೊಂಡೆ.

ಈ ಬರಹವನ್ನು ಅಚ್ಚಿಗೆ ಕಳಿಸುವ ಮೊದಲು ಹೆಂಡತಿಗೆ ಓದಿ ಹೇಳಿದೆ. ಯಂಕಪ್ಪ ಕಲಿಸಿದ ಪಾಠ, ಇನ್ನೊಬ್ಬರ ಎದುರು ಓದಲಾಗದ್ದನ್ನು ಬರೆಯಬಾರದು ಅಂತಲ್ಲ, ಬರೆದದ್ದನ್ನು ಓದುವ ಎದೆ ಇರಬೇಕು ಅಂತ. ಓದುತ್ತ ಓದುತ್ತ ಅಪ್ಪನಿಗೆ ತೋರಿಸಿದ ಆ ಪತ್ರದ ಭಾಗ ಬಂತು. ಅವಳು ಎದುರಿಗೆ ಕುಳಿತು ಮೆಂತ್ಯ ಸೋಸುತ್ತಿದ್ದಳು. ನಾನು ಮೆಲ್ಲಗೆ ಹಾಳೆ ಮಗುಚಿ ಪ್ರವೇಶಪತ್ರದ ಕಥೆಗೆ ಹಾರಿದೆ. ಅವಳು ಕೊನೆಯವರೆಗೂ ಕೇಳಿ, ಮೆಂತ್ಯದ ಬುಟ್ಟಿ ಪಕ್ಕಕ್ಕಿಟ್ಟು, "ಪತ್ರದ ಸುದ್ದಿ ಬಿಟ್ರಲ್ರಿ?" ಎಂದಳು. ನಾನು ಸ್ನಾನಕ್ಕೆ ಹೋದಾಗ ಮೇಜಿನ ಮೇಲಿದ್ದದ್ದನ್ನು ಎಲ್ಲ ಓದಿದ್ದಳಂತೆ.

ಆಮೇಲೆ ಒಳಗೆ ಹೋಗಿ, ತನ್ನ ಟ್ರಂಕಿನ ತಳದಿಂದ ಆ ಪತ್ರವನ್ನೇ ತಂದಳು. ಜೋಳ ಚೆನ್ನಾಗಿ ಬಂದ ಆ ಪತ್ರ. ಕಿಟಕಿಯ ಬೆಳಕಿಗೆ ಹಿಡಿದಳು. ಅಪ್ಪನ ಮಸಿಯ ಗೀಟಿನ ಅಡಿಯಲ್ಲಿ ನನ್ನ ಅಕ್ಷರ ಇಂದಿಗೂ ಸ್ಪಷ್ಟವಾಗಿ ಕಾಣುತ್ತಿತ್ತು: 'ನಿನ್ನನ್ನು ನೋಡಿ ಬಂದಂದಿನಿಂದ ನನಗೆ ಊಟ ಸೇರುತ್ತಿಲ್ಲ.' "ಇದೊಂದು ಸಾಲಿನ ಸಲುವಾಗಿ ಇಟ್ಕೊಂಡೀನ್ರಿ" ಎಂದಳು, ಮಡಚಿ ಒಯ್ದಳು. ಮೂವತ್ತೇಳು ವರ್ಷ ಅವಳು ಇದನ್ನು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ, ಆ ದಿನಗಳಲ್ಲಿ ನನಗೆ ಊಟ ಚೆನ್ನಾಗಿಯೇ ಸೇರುತ್ತಿತ್ತು. ಹೊತ್ತಿಗೆ ನಾಲ್ಕು ರೊಟ್ಟಿ ತಿನ್ನುತ್ತಿದ್ದೆ. ಈ ಕೊನೆಯ ಎರಡು ಸಾಲನ್ನು ಅವಳು ಮಲಗಿದ್ದಾಗ ಸೇರಿಸಿ ಲಕೋಟೆ ಅಂಟಿಸಿದ್ದೇನೆ, ಅವಳಿಗೆ ಓದಿ ಹೇಳುವಷ್ಟು ಧೈರ್ಯ ನನಗೆ ಸಾಲದು.